ಹಿರಿಯರ ಹಿತವಚನವೂ ಮುಂದಾಳುಗಳ ಹೊಣೆಯೂ

ಅಧಿಕಾರವನ್ನು ಬಿಟ್ಟ ಹಿರಿಯರ ಮಾತನ್ನು ಅಧಿಕಾರದಲ್ಲಿರುವ ಮುಂದಾಳುಗಳು ಮನಸ್ಸಿಟ್ಟು ಕೇಳುವ ನಾಡು ಭಾಗ್ಯಶಾಲಿಯಾದದ್ದೆಂದು ನಾವು ತಿಳಿದಿದ್ದೇವೆ. ಆದರೆ ಕೇಳುವದೆಂದರೇನು? ಶಾಲು ಹೊದಿಸಿ, ಹಾರ ಹಾಕಿ, ಅಧ್ಯಕ್ಷಪೀಠದಲ್ಲಿ ಕೂಡ್ರಿಸಿ, ಭಾಷಣಕ್ಕೆ ಚಪ್ಪಾಳೆ ತಟ್ಟಿ, ಮರುದಿನ ತಮಗೆ ತೋಚಿದಂತೆ ನಡೆಯುವದು ಕೇಳುವದಲ್ಲ. ಹಿರಿಯರನ್ನು ಸನ್ಮಾನಿಸುವದರಲ್ಲಿ ಕರ್ನಾಟಕವು ಯಾರಿಗೂ ಹಿಂದಾಗಿಲ್ಲ. ಅವರ ಮಾತಿಗೆ ಉತ್ತರ ಕೊಡುವದರಲ್ಲಿ ಮಾತ್ರ ಬಹಳ ಹಿಂದೆ ಉಳಿದಿದೆ.

ಏಕೀಕರಣದ ಇತಿಹಾಸವನ್ನೇ ನೋಡೋಣ. ೧೯೨೦ರಲ್ಲಿ ಧಾರವಾಡದಲ್ಲಿ ನೆರೆದ ಕರ್ನಾಟಕ ರಾಜಕೀಯ ಪರಿಷತ್ತಿಗೆ ಅಧ್ಯಕ್ಷರಾಗಿ ಬಂದವರು ಶ್ರೀ ವಿ. ಪಿ. ಮಾಧವರಾಯರು. ತಿರುವಾಂಕೂರು, ಮೈಸೂರು, ಬಡೋದೆ ಈ ಮೂರು ಸಂಸ್ಥಾನಗಳ ದಿವಾನಗಿರಿಯನ್ನು ಮಾಡಿ ಮುಗಿಸಿದ್ದ ಅವರಿಗೆ ಆಗ ೭೦ ವರ್ಷ ವಯಸ್ಸು. ಇನ್ನಾವ ಪದವಿಯ ಆಶೆಯಿಂದ ಅವರು ಬರಬೇಕಾಗಿತ್ತು? ಮುಂಬಯಿ ಇಲಾಖೆಯ ಕನ್ನಡಿಗರ ನಡುವೆ ಮೈಸೂರಿನ ಮಾಜಿ ದಿವಾನರು ಬಂದು ಕುಳಿತದ್ದೇ ಒಂದು ಉಪದೇಶವಾಯಿತು: ಸರಹದ್ದುಗಳು ಸರಕಾರದವು, ನಾಡು ಒಂದೇ! ಅದೇ ವರ್ಷದ ಕೊನೆಗೆ ನಾಗಪುರದ ಕಾಂಗ್ರೆಸ್ಸು ಭಾಷಾನುಸಾರ ಪ್ರಾಂತರಚನೆಯನ್ನು ಒಪ್ಪಿ, ಕರ್ನಾಟಕಕ್ಕೆ ಪ್ರತ್ಯೇಕ ಕಾಂಗ್ರೆಸ್ ಪ್ರಾಂತವನ್ನು ಕೊಟ್ಟಿತು. ಹಿರಿಯರು ದಾರಿ ತೋರಿದರು. ಊರೂರು ತಿರುಗಿ ದುಡಿದವರು ಕಿರಿಯರು. ಇಬ್ಬರ ಕೆಲಸವೂ ಬೇರೆ ಬೇರೆ, ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಆ ಕಿರಿಯರಲ್ಲೊಬ್ಬರಾದ ಆಲೂರ ವೆಂಕಟರಾಯರು ಕಾಲಾಂತರದಲ್ಲಿ ನಾಡಿಗೇ ಕುಲಪುರೋಹಿತರೆನಿಸಿದರು. ೧೯೧೭ರಲ್ಲಿ 'ಕರ್ನಾಟಕ ಗತವೈಭವ'ವನ್ನು ಬರೆದು ಕನ್ನಡಿಗರನ್ನು ಎಚ್ಚರಿಸಿದ ಆ ಮಹನೀಯರು ಮಂತ್ರಿಪದವನ್ನು ಏರಲಿಲ್ಲ. ೧೯೫೬ರ ನವೆಂಬರ ೧ರಂದು ನಾಡು ಒಂದಾಯಿತು. ಹೆಸರು ಮಾತ್ರ ಮೈಸೂರೆಂದೇ ಉಳಿಯಿತು. ೧೯೭೩ರಲ್ಲಿ ಅದು ಕರ್ನಾಟಕವೆನಿಸುವಷ್ಟರಲ್ಲಿ, ಆ ಹೆಸರನ್ನೇ ಜೀವಮಾನವೆಲ್ಲ ಜಪಿಸಿದ ಆಲೂರರು ತೀರಿಕೊಂಡು ೯ ವರ್ಷಗಳಾಗಿದ್ದವು.

ಜನರು ಆರಿಸಿ ಕಳಿಸದವರ ಮಾತಿಗೆ ಇಷ್ಟು ಬೆಲೆ ಏಕೆಂದು ಕೆಲವರು ಕೇಳುವರು. ಪ್ರಶ್ನೆಯು ಅಯೋಗ್ಯವಾದದ್ದಲ್ಲ. ಪರದೆಯ ಹಿಂದೆ ಕುಳಿತು ಸೂತ್ರವಾಡಿಸುವ ಹಿರಿಯನಿಂದ ನಾಡಿಗೆ ಕೇಡೇ ಹೊರತು ಹಿತವಿಲ್ಲ. ನಿರ್ಣಯದ ಹಕ್ಕು ಜನರ ಪ್ರತಿನಿಧಿಗಳದ್ದೇ. ಕೌರವರ ಸಭೆಯಲ್ಲಿ ಭೀಷ್ಮರೂ ಇದ್ದರು, ವಿದುರನೂ ಇದ್ದನು. ಅರಸನ ಅನ್ನದ ಋಣಕ್ಕೆ ಸಿಕ್ಕ ಭೀಷ್ಮರು ಆಡಬೇಕಾದ ಹೊತ್ತಿನಲ್ಲಿ ಆಡಲಿಲ್ಲ. ವಿದುರನು ಆಡಿದನು; ಧೃತರಾಷ್ಟ್ರನು ಹೌದೆಂದು ತಲೆದೂಗಿ, ಮಾಡಬಾರದ್ದನ್ನೇ ಮಾಡಿದನು. ಋಣಕ್ಕೆ ಸಿಕ್ಕ ಹಿರಿಯನೂ ತಲೆದೂಗಿ ಸುಮ್ಮನಾಗುವ ಅರಸನೂ, ಇಬ್ಬರೂ ನಮಗೆ ಬೇಡ.

ಇಂದಿನ ಮಾತಿಗೆ ಬರೋಣ. ಅರ್ಥಶಾಸ್ತ್ರಜ್ಞರೂ ಕುಲಪತಿಗಳಾಗಿದ್ದವರೂ ಆದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಸರಕಾರಕ್ಕೆ ವರದಿಯನ್ನೊಪ್ಪಿಸಿತು. ಆಗಿನ ೧೭೫ ತಾಲೂಕುಗಳಲ್ಲಿ ೧೧೪ ಹಿಂದುಳಿದವು. ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದವು. ಈ ೩೯ರಲ್ಲಿ ೨೬ ಉತ್ತರ ಕರ್ನಾಟಕದವು ಎಂದು ಅದು ಲೆಕ್ಕವಿಟ್ಟು ತೋರಿಸಿತು. ೮ ವರ್ಷಗಳ ಯೋಜನೆಯನ್ನೂ ಸೂಚಿಸಿತು. ನಾಡು ಒಂದಾಗಿ ೪೬ ವರ್ಷಗಳಾದ ಮೇಲೂ ನಾಡವರು ಸಮರಾಗಿಲ್ಲವೆಂಬ ಕಟುಸತ್ಯವನ್ನು ಆ ಹಿರಿಯರು ಮುಚ್ಚಿಡಲಿಲ್ಲ. ಸರಕಾರವು ಏನನ್ನೂ ಮಾಡಲಿಲ್ಲವೆಂದು ನಾವು ಹೇಳಲಾರೆವು. ೨೦೦೭ರ ಸುಮಾರಿಗೆ ವಿಶೇಷಾಭಿವೃದ್ಧಿ ಯೋಜನೆಯು ಮೊದಲಾಗಿ ಹಣವೂ ದೊರೆಯಿತು. ಆದರೆ ಅದೇ ಅಸಮತೋಲನವನ್ನು ಅಭ್ಯಸಿಸಲು ೨೦೨೪ರಲ್ಲಿ ಇನ್ನೊಂದು ಸಮಿತಿಯನ್ನು ನೇಮಿಸಬೇಕಾಯಿತೆಂದರೆ ವಾಚಕರು ಏನೆಂದು ತಿಳಿಯಬೇಕು? ಮೊದಲನೆಯ ಹಿತವಚನದಲ್ಲಿ ಎಷ್ಟು ನಡೆಯಿತು, ಎಷ್ಟು ಉಳಿಯಿತು, ಉಳಿದುದಕ್ಕೆ ಕಾರಣವೇನು, ಇವನ್ನು ತಾಲೂಕುವಾರಾಗಿ ಜನರ ಮುಂದಿಡದೆ ಹೊಸ ಹಿರಿಯರನ್ನು ಕರೆಯುವದು ಅವರಿಗೂ ನ್ಯಾಯವಲ್ಲ, ಜನರಿಗೂ ನ್ಯಾಯವಲ್ಲ.

ಆದುದರಿಂದ ನಮ್ಮ ಬೇಡಿಕೆ ಸರಳವಾದದ್ದು. ಹಿರಿಯರ ಸಲಹೆಯನ್ನು ಮುಂದಾಳುಗಳು ಒಪ್ಪಲೇಬೇಕೆಂದು ನಾವು ಹೇಳುವದಿಲ್ಲ. ಒಪ್ಪಿದರೆ ಅವಧಿಯನ್ನು ಗೊತ್ತುಪಡಿಸಲಿ. ಒಪ್ಪದಿದ್ದರೆ ಕಾರಣವನ್ನು ವಿಧಾನಮಂಡಲದಲ್ಲಿ, ಕನ್ನಡದಲ್ಲಿ, ಬಿಚ್ಚಿ ಹೇಳಲಿ. ಹಿರಿಯರೂ ಸಲಹೆಯ ಬೆನ್ನಿಗೆ ಪದವಿಯನ್ನು ಅಪೇಕ್ಷಿಸದಿರಲಿ. ಇನ್ನು ನಮ್ಮ ಶಿಕ್ಷಕ ಬಂಧುಗಳಿಗೆ ಒಂದು ಮಾತು: ನಿಮ್ಮ ತಾಲೂಕಿನ ವಿಷಯವಾಗಿ ಆ ವರದಿಯಲ್ಲಿ ಏನಿದೆಯೆಂಬುದನ್ನು ತಿಳಿದುಕೊಳ್ಳಿರಿ, ಊರವರಿಗೆ ಓದಿ ಹೇಳಿರಿ. ಮುಂದಿನ ಸಲ ಮತ ಕೇಳಲು ಬಂದವರೆದುರಿಗೆ ಅದೇ ಪುಟವನ್ನು ತೆರೆದಿಡಿರಿ.