ಅರ್ಥ್ ವೈರ್ ಇದ್ದರೆ ಶಾಕ್ ಹೊಡೆಯುವುದೇ ಇಲ್ಲವೇ? ಕರೆಂಟು ಹಂಚಿಹೋಗುವ ಲೆಕ್ಕ

"ಕರೆಂಟು ಯಾವಾಗಲೂ ಸುಲಭದ ದಾರಿ ಹಿಡಿಯುತ್ತೆ. ಅರ್ಥ್ ಕೊಟ್ಟಿದ್ದರೆ ಎಲ್ಲಾ ನೆಲಕ್ಕೆ ಹೋಗುತ್ತೆ, ಮನುಷ್ಯನ ಹತ್ತಿರ ಬರಲ್ಲ." ಬೋರ್‌ವೆಲ್ ನಂಬಿ ಬದುಕುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈ ಮಾತನ್ನು ಎಲ್ಲರೂ ಒಂದಲ್ಲ ಒಂದು ಸಲ ಕೇಳಿರುತ್ತಾರೆ. ಚಿಂತಾಮಣಿಯ ಟೊಮೆಟೊ ತೋಟದಲ್ಲಿ, ಗೌರಿಬಿದನೂರಿನ ಮೆಕ್ಕೆಜೋಳದ ಹೊಲದಲ್ಲಿ, ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಶೆಡ್ಡಿನಲ್ಲಿ ಮೋಟಾರು, ಸ್ಟಾರ್ಟರ್, ನೀರು ಮೂರೂ ಒಂದೇ ಕಡೆ ಇರುತ್ತವೆ. ಅಲ್ಲಿ ಈ ಮಾತನ್ನು ನಂಬಿ ಕೈಯಿಡುವವರಿದ್ದಾರೆ. ಆದರೆ ಇದು ಅರ್ಧ ಮಾತ್ರ ನಿಜ.

ಈ ಮಾತು ಪೂರ್ತಿ ನಿಜವಾಗಿದ್ದರೆ ನಮ್ಮ ಮನೆಗಳಲ್ಲಿ ಒಂದು ವಿಚಿತ್ರ ನಡೆಯಬೇಕಿತ್ತು. 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆಯ ರೋಧ ಸುಮಾರು 53 ಓಮ್. ಹಳೆಯ 60 ವ್ಯಾಟಿನ ತಂತಿ ಬಲ್ಬು ಉರಿಯುವಾಗ ಅದರ ರೋಧ ಸುಮಾರು 882 ಓಮ್. ಇಸ್ತ್ರಿ ಪೆಟ್ಟಿಗೆ ಎಷ್ಟೋ ಸುಲಭದ ದಾರಿ. ಹಾಗಾದರೆ ಇಸ್ತ್ರಿ ಪೆಟ್ಟಿಗೆ ಹಾಕಿದ ಕೂಡಲೇ ಬಲ್ಬು ಆರಿಹೋಗಬೇಕಲ್ಲವೇ? ಆರುವುದಿಲ್ಲ. ಎರಡೂ ಸಮಾಂತರ ಜೋಡಣೆಯಲ್ಲಿವೆ, ಅಂದರೆ ಎರಡರ ತುದಿಗಳಿಗೂ ಅದೇ 230 ವೋಲ್ಟ್ ಸಿಗುತ್ತದೆ. ಬಲ್ಬು ತನ್ನ 0.26 ಆಂಪಿಯರ್ ಎಳೆದುಕೊಳ್ಳುತ್ತದೆ, ಇಸ್ತ್ರಿ ಪೆಟ್ಟಿಗೆ ತನ್ನ 4.35 ಆಂಪಿಯರ್ ಎಳೆದುಕೊಳ್ಳುತ್ತದೆ. ಒಂದಕ್ಕೆ ಇನ್ನೊಂದರ ಗೊಡವೆ ಇಲ್ಲ.

ತೋಟದ ಡ್ರಿಪ್ ಪೈಪುಗಳನ್ನು ನೆನಪಿಸಿಕೊಳ್ಳಿ. ಮುಖ್ಯ ಪೈಪಿನಿಂದ ಒಂದು ದಪ್ಪ, ಒಂದು ಸಣ್ಣ ಪೈಪು ಕವಲೊಡೆದರೆ ದಪ್ಪದರಲ್ಲಿ ಹೆಚ್ಚು ನೀರು ಹರಿಯುತ್ತದೆ, ಸಣ್ಣದರಲ್ಲೂ ಹರಿಯುತ್ತದೆ. ನೀರೆಲ್ಲ ದಪ್ಪ ಪೈಪಿಗೇ ಹೋಗುವುದಿಲ್ಲ. ಕರೆಂಟೂ ಹಾಗೆಯೇ: ಇರುವ ಎಲ್ಲ ದಾರಿಗಳಲ್ಲೂ ಹರಿಯುತ್ತದೆ, ರೋಧ ಕಡಿಮೆ ಇದ್ದಲ್ಲಿ ಹೆಚ್ಚು, ಜಾಸ್ತಿ ಇದ್ದಲ್ಲಿ ಕಡಿಮೆ.

ಲೆಕ್ಕ ಹತ್ತನೇ ತರಗತಿಯದ್ದೇ. ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟು ಸಿಗುತ್ತದೆ. 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಗುಸ್ತಾವ್ ಕಿರ್ಚಾಫ್ ಇನ್ನೊಂದು ಮಾತು ಸೇರಿಸಿದ: ಒಂದು ಕೂಡುಜಾಗಕ್ಕೆ ಎಷ್ಟು ಕರೆಂಟು ಬರುತ್ತದೋ ಅಷ್ಟೇ ಹೊರಗೆ ಹೋಗಬೇಕು. ಎರಡೇ ಕವಲುಗಳಿದ್ದರೆ ಒಂದು ಅಡ್ಡದಾರಿಯೂ ಇದೆ. ಒಂದು ಕವಲಿನ ಪಾಲು ಬೇಕಾದರೆ ಒಟ್ಟು ಕರೆಂಟನ್ನು *ಇನ್ನೊಂದು* ಕವಲಿನ ರೋಧದಿಂದ ಗುಣಿಸಿ, ಎರಡೂ ರೋಧಗಳ ಮೊತ್ತದಿಂದ ಭಾಗಿಸಿ. ಪರೀಕ್ಷೆಯಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಈ "ಇನ್ನೊಂದು" ಎಂಬಲ್ಲೇ. ಅದೇ ಕವಲಿನ ರೋಧ ಹಾಕಿಬಿಡುತ್ತಾರೆ, ಉತ್ತರ ತಿರುಗುಮುರುಗಾಗುತ್ತದೆ. ಮೂರು-ನಾಲ್ಕು ಕವಲುಗಳಿದ್ದರೆ ಈ ಸೂತ್ರ ಬಿಟ್ಟುಬಿಡಿ. ವೋಲ್ಟೇಜನ್ನು ಒಂದೊಂದು ಕವಲಿನ ರೋಧದಿಂದ ಭಾಗಿಸಿ ಕೂಡಿದರೆ ಸಾಕು.

ಈಗ ಸ್ಟಾರ್ಟರ್ ಪೆಟ್ಟಿಗೆಗೆ ಬರೋಣ. ಇಲಿ ಕಡಿದೋ, ಉಜ್ಜಿ ಸವೆದೋ ಒಂದು ಫೇಸ್ ತಂತಿಯ ಹೊದಿಕೆ ಹರಿದು, ಒಳಗಿನ ತಾಮ್ರ ಕಬ್ಬಿಣದ ಪೆಟ್ಟಿಗೆಗೆ ತಾಗಿದೆ ಎಂದುಕೊಳ್ಳಿ. ತ್ರೀ ಫೇಸ್ ಪಂಪಾದರೂ ಒಂದು ಫೇಸಿಗೂ ನೆಲಕ್ಕೂ ನಡುವೆ ಇರುವುದು ಸುಮಾರು 230 ವೋಲ್ಟೇ. ಪೆಟ್ಟಿಗೆಗೆ ಅರ್ಥ್ ಕೊಟ್ಟಿದ್ದಾರೆ, ಆದರೆ ಬೇಸಿಗೆಯ ಒಣ ಗರಸು ಮಣ್ಣಿನಲ್ಲಿ ಆ ಅರ್ಥ್ ರಾಡಿನ ರೋಧ 20 ಓಮ್ ಇದೆ ಎಂದಿಟ್ಟುಕೊಳ್ಳೋಣ. ನೆಲಕ್ಕೆ ಹೋದ ಕರೆಂಟು ಟ್ರಾನ್ಸ್‌ಫಾರ್ಮರಿನ ಅರ್ಥ್ ಮೂಲಕ ಹಿಂದಿರುಗಬೇಕು. ಅದರ ರೋಧ 5 ಓಮ್ ಇರಲಿ. ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಪೆಟ್ಟಿಗೆ ಮುಟ್ಟಿದವರ ಮೈಯ ರೋಧ 1000 ಓಮ್ ಎಂದು ಹಿಡಿಯೋಣ. ಒಣ ಚರ್ಮದ ರೋಧ ಇದಕ್ಕಿಂತ ತುಂಬಾ ಹೆಚ್ಚು, ನೀರು ಅದನ್ನು ಇಳಿಸಿಬಿಡುತ್ತದೆ. ದಿನವಿಡೀ ಬಿಸಿನೀರಿನಲ್ಲಿ ಗೂಡು ಆಡಿಸುವ ರೀಲಿಂಗ್ ಕೆಲಸದವರಿಗೆ ಒಣ ಕೈ ಎಂಬುದೇ ಇಲ್ಲ.

ಪೆಟ್ಟಿಗೆಯಿಂದ ನೆಲಕ್ಕೆ ಈಗ ಎರಡು ಕವಲು: ಒಂದು ರಾಡು, ಇನ್ನೊಂದು ಮನುಷ್ಯ. 20 ಮತ್ತು 1000 ಓಮ್ ಸಮಾಂತರದಲ್ಲಿ ಸೇರಿದರೆ 19.6 ಓಮ್. ಟ್ರಾನ್ಸ್‌ಫಾರ್ಮರಿನ 5 ಸೇರಿಸಿದರೆ 24.6. 230 ವೋಲ್ಟಿಗೆ ಒಟ್ಟು ಕರೆಂಟು ಸುಮಾರು 9.35 ಆಂಪಿಯರ್. ಅಡ್ಡದಾರಿ ಸೂತ್ರದಂತೆ ಮನುಷ್ಯನ ಪಾಲು 9.35 ಗುಣಿಸು 20, ಭಾಗಿಸು 1020. ಉತ್ತರ 0.183 ಆಂಪಿಯರ್, ಅಂದರೆ 183 ಮಿಲಿ ಆಂಪಿಯರ್.

ನೂರರಲ್ಲಿ 98 ಪಾಲು ರಾಡಿನಲ್ಲೇ ಹೋಯಿತು. "ಸುಲಭದ ದಾರಿ" ಎಂದವರು ಇಲ್ಲಿಗೆ ಲೆಕ್ಕ ನಿಲ್ಲಿಸುತ್ತಾರೆ. ಆದರೆ ಉಳಿದ ಎರಡು ಪಾಲೇ ಪ್ರಾಣ ತೆಗೆಯಲು ಸಾಕು. 10 ಮಿಲಿ ಆಂಪಿಯರ್ ಆಸುಪಾಸಿನಲ್ಲೇ ಕೈಯ ಸ್ನಾಯು ಬಿಗಿದು, ಹಿಡಿದದ್ದನ್ನು ಬಿಡಲಾಗುವುದಿಲ್ಲ. 100 ಮಿಲಿ ಆಂಪಿಯರ್ ದಾಟಿ ಒಂದೆರಡು ಸೆಕೆಂಡು ಎದೆಯ ಮೂಲಕ ಹರಿದರೆ ಹೃದಯದ ಬಡಿತ ಹದ ತಪ್ಪಿ ನಿಂತುಹೋಗಬಹುದು. ಮೈಗೆ ಬರುವ ಕರೆಂಟನ್ನು ನಿರ್ಧರಿಸುವುದು ಪಕ್ಕದ ದಾರಿ ಎಷ್ಟು ಸುಲಭ ಎಂಬುದಲ್ಲ, ಪೆಟ್ಟಿಗೆಯ ಮೇಲೆ ಎಷ್ಟು ವೋಲ್ಟೇಜ್ ನಿಂತಿದೆ ಎಂಬುದು. ಇಲ್ಲಿ 183 ವೋಲ್ಟ್ ನಿಂತಿದೆ, ಅರ್ಥ್ ಇದ್ದೂ!

ಎಂಸಿಬಿ ಬೀಳುವುದಿಲ್ಲವೇ ಎಂದು ಕೇಳಬಹುದು. 16 ಆಂಪಿಯರ್ ಎಂಸಿಬಿಗೆ ಒಂಬತ್ತು ಚಿಲ್ಲರೆ ಆಂಪಿಯರ್ ಎಂದರೆ ದಿನನಿತ್ಯದ ಕೆಲಸ, ಅದು ಅಲುಗಾಡುವುದೂ ಇಲ್ಲ. ಫ್ಯೂಸು ಹೋದಾಗಲೆಲ್ಲ ದಪ್ಪ ತಂತಿ ಸುತ್ತುವ ನಮ್ಮ ಅಭ್ಯಾಸದ ಬಗ್ಗೆ ಹೇಳುವುದೇ ಬೇಡ. ಈ ಎರಡೂ ಇರುವುದು ಮುಖ್ಯವಾಗಿ ತಂತಿ ಸುಡದಂತೆ ಕಾಯಲು.

ಅರ್ಥ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಬೇಸಿಗೆಯಲ್ಲಿ ನೀರು ಹೊಯ್ಯುವುದು ಮೂಢನಂಬಿಕೆಯಲ್ಲ. ಮಣ್ಣು ಒಣಗಿದಷ್ಟೂ ರೋಧ ಏರುತ್ತದೆ, ನೆನೆದರೆ ಇಳಿಯುತ್ತದೆ. ಆದರೆ ಅದರಿಂದಲೇ ಬಚಾವಾದೆವು ಎಂದುಕೊಳ್ಳಬೇಡಿ. ರಾಡಿನ ರೋಧವನ್ನು 20ರಿಂದ 2 ಓಮಿಗೆ ಇಳಿಸಿದರೂ, ಅದೇ ಲೆಕ್ಕ ಮಾಡಿದರೆ ಪೆಟ್ಟಿಗೆಯ ಮೇಲೆ ಸುಮಾರು 66 ವೋಲ್ಟ್, ಮೈಯಲ್ಲಿ 66 ಮಿಲಿ ಆಂಪಿಯರ್. ಒಟ್ಟು ಕರೆಂಟು 33 ಆಂಪಿಯರ್ ಹತ್ತಿರ ಹೋಗುವುದರಿಂದ 16ರ ಎಂಸಿಬಿ ಈಗ ಬೀಳುತ್ತದೆ, ನಿಜ. ಆದರೆ ಕಾದು ಬೀಳಬೇಕು. ಹೃದಯಕ್ಕೆ ಅಷ್ಟು ಹೊತ್ತಿಲ್ಲ.

ಈ ಜಾಗಕ್ಕೆಂದೇ ಇರುವುದು ಆರ್‌ಸಿಸಿಬಿ. ಇದು ಕೆಲಸ ಮಾಡುವುದು ಕಿರ್ಚಾಫ್ ಹೇಳಿದ ಮಾತಿನ ಮೇಲೆಯೇ: ಹೋದ ಕರೆಂಟು ಅದೇ ತಂತಿಗಳಲ್ಲಿ ವಾಪಸು ಬರಬೇಕು. 30 ಮಿಲಿ ಆಂಪಿಯರಿನಷ್ಟು ಲೆಕ್ಕ ತಪ್ಪಿದರೆ, ಎಲ್ಲೋ ಮೂರನೇ ಕವಲು ಹುಟ್ಟಿದೆ ಎಂದರ್ಥ. ಕಣ್ಣು ಮಿಟುಕಿಸುವಷ್ಟರಲ್ಲಿ ಸರಬರಾಜು ಕಡಿಯುತ್ತದೆ. ಅರ್ಥ್ ಸರಿಯಿದ್ದರೆ ಪೆಟ್ಟಿಗೆಗೆ ತಂತಿ ತಾಗಿದ ಕ್ಷಣವೇ, ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ ಬೀಳುತ್ತದೆ. ಆಗ ಮೊದಲ ಪೆಟ್ಟು ತಿನ್ನಲೇಬೇಕು. ಹಾಗಾಗಿ ಎರಡೂ ಬೇಕು, ಒಂದರ ಬದಲು ಇನ್ನೊಂದಲ್ಲ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು ನೆಲದಿಂದ ದೂರ ನಿಂತವರನ್ನು ಆರ್‌ಸಿಸಿಬಿ ಕಾಪಾಡಲಾರದು. ಅದರ ಕಣ್ಣಿಗೆ ಅವರೂ ಒಂದು ಬಲ್ಬಿನ ಹಾಗೆಯೇ.

ತಂತಿಯ ಮೇಲೆ ಕೂತ ಕಾಗೆಗೆ ಏನೂ ಆಗುವುದಿಲ್ಲವಲ್ಲ ಎನ್ನುವವರಿಗೂ ಇದೇ ಉತ್ತರ. ಕಾಗೆಯ ಮೈಯಲ್ಲೂ ಕರೆಂಟು ಹರಿಯುತ್ತದೆ. ಆದರೆ ಅದರ ಎರಡು ಕಾಲುಗಳ ನಡುವಿನ ಐದು ಸೆಂಟಿಮೀಟರ್ ತಂತಿಯ ರೋಧ ಒಂದು ಓಮಿನ ಹತ್ತು ಲಕ್ಷದಲ್ಲಿ ಇಪ್ಪತ್ತೈದು ಪಾಲಿನಷ್ಟು. ತಂತಿಯಲ್ಲಿ 50 ಆಂಪಿಯರ್ ಹರಿದರೂ ಕಾಲುಗಳ ನಡುವೆ ಹುಟ್ಟುವುದು ಸುಮಾರು ಒಂದು ಮಿಲಿ ವೋಲ್ಟ್.

ಹಸುವಿನ ಕತೆ ಇದಕ್ಕೆ ತದ್ವಿರುದ್ಧ. ಕಂಬದ ಬುಡದಲ್ಲಿ ಕರೆಂಟು ನೆಲಕ್ಕೆ ಸೋರುತ್ತಿದ್ದರೆ ಮಣ್ಣಿನಲ್ಲಿ ಅಡಿಯಿಂದ ಅಡಿಗೆ ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ನಡುವೆ ನಮ್ಮ ಹೆಜ್ಜೆಗಿಂತ ಹೆಚ್ಚು ದೂರ, ನಡುವೆ ಹೃದಯ. ನಾವು ಕಾಲು ಜುಮ್ಮೆಂದು ಹಿಂದೆ ಸರಿಯುವ ಜಾಗದಲ್ಲಿ ಹಸು ಬಿದ್ದು ಸಾಯಬಹುದು. ಕಂಬಕ್ಕೆ, ಅದರ ಸ್ಟೇ ತಂತಿಗೆ ಹಸು ಕಟ್ಟಬೇಡಿ.

ನಿಮ್ಮ ಬೋರ್ಡಿನಲ್ಲಿ ಆರ್‌ಸಿಸಿಬಿ ಇದ್ದರೆ ಅದರ ಮೇಲೆ "ಟಿ" ಎಂದು ಬರೆದ ಪುಟ್ಟ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಕರೆಂಟು ಇರುವಾಗ ಒತ್ತಿ. ಸನ್ನೆ ಕೆಳಗೆ ಬಿದ್ದರೆ ಒಳಗಿನ ಯಂತ್ರ ಸರಿಯಿದೆ. ಆದರೆ ಆ ಗುಂಡಿ ನಿಮ್ಮ ಅರ್ಥ್ ಬಗ್ಗೆ ಏನೂ ಹೇಳುವುದಿಲ್ಲ. ರಾಡಿನ ರೋಧ ತಿಳಿಯಲು ಎಲೆಕ್ಟ್ರಿಷಿಯನ್ನಿಗೆ ಹೇಳಿ ಅರ್ಥ್ ಟೆಸ್ಟರ್ ತರಿಸಿ ಅಳೆಸಬೇಕು. ಮಣ್ಣು ಪೂರ್ತಿ ಒಣಗಿರುವ ಏಪ್ರಿಲ್ ತಿಂಗಳಲ್ಲಿ ಅಳೆಸಿ. ಮಳೆಗಾಲದಲ್ಲಿ ಬರುವ ಅಂಕಿ ನೋಡಲು ಚೆನ್ನಾಗಿಯೇ ಇರುತ್ತದೆ.