ಕುಚ್ಚಲಕ್ಕಿಯ ಸುಂಕ ಕಟ್ಟಿದವರು ಯಾರು?

2023ರ ಜುಲೈ 20ರಂದು ಕೇಂದ್ರ ಸರಕಾರ ಬಾಸ್ಮತಿಯಲ್ಲದ ಬೆಳ್ತಿಗೆ ಅಕ್ಕಿಯ ರಫ್ತು ನಿಲ್ಲಿಸಿತು. ಆಗಸ್ಟ್ 25ಕ್ಕೆ ಕುಚ್ಚಲಕ್ಕಿ ರಫ್ತಿನ ಮೇಲೆ ಶೇ. 20 ಸುಂಕ ಬಿತ್ತು. ಅದು ಪೂರ್ತಿ ಹೋದದ್ದು 2024ರ ಅಕ್ಟೋಬರಿನಲ್ಲಿ.

ಊರಲ್ಲಿ ಅಕ್ಕಿ ಬೆಲೆ ಏರಬಾರದು, ಒಪ್ಪುವ ಮಾತೇ. ಆದರೆ ಸೋನಾಪುರ, ಮುಸಫ್ಫಾ ಕ್ಯಾಂಪುಗಳಲ್ಲಿ ಮೆಸ್ ಮಾಡಿಕೊಂಡು ಉಣ್ಣುವ ನಮ್ಮ ಹುಡುಗರೂ ಭಾರತದವರೇ ಅಲ್ವಾ? ಸುಂಕ ಕೊನೆಗೆ ಸೇರುವುದು ಚೀಲದ ದರಕ್ಕೆ. ಮೆಸ್ಸಿನ ಪಾಲು ಹತ್ತು ದಿರ್ಹಮ್ ಏರಿದರೆ ಮನೆಗೆ ಕಳಿಸುವ ಹಣದಲ್ಲಿ ಅಷ್ಟು ಕಡಿಮೆ. ಬಾಸ್ಮತಿಗೆ ನಿಷೇಧ ಇರಲಿಲ್ಲವಲ್ಲ ಅನ್ನಬೇಡಿ, ದಿನಾ ಮದುವೆ ಊಟ ಯಾರು ಮಾಡ್ತಾರೆ?

ದಾರಿ ಇಲ್ಲದೆ ಇಲ್ಲ. ಅದೇ ಸೆಪ್ಟೆಂಬರಿನಲ್ಲಿ ಯುಎಇಗೆಂದೇ 75,000 ಟನ್ ಬೆಳ್ತಿಗೆ ಅಕ್ಕಿಗೆ ಅನುಮತಿ ಸಿಕ್ಕಿತ್ತು. ಹಾಗೆಯೇ ಇಷ್ಟು ಟನ್ ಕುಚ್ಚಲಕ್ಕಿಗೆ ಸುಂಕ ಬೇಡ ಎನ್ನಬಹುದಿತ್ತು. ನಮ್ಮ ಎಂಪಿಗಳು ದುಬೈಗೆ ಬಂದಾಗ ಶಾಲು ಹೊದಿಸುವ ಮೊದಲು ಇದನ್ನು ಕೇಳಬೇಕು.