ಕೈಗೆ ಕಟ್ಟುವ ಗಡಿಯಾರವೋ, ಕೈ ಕಟ್ಟುವ ಗಡಿಯಾರವೋ?

ಸ್ಮಾರ್ಟ್‌ವಾಚು ಮೇಲೋ, ಕೀಲಿ ಕೊಡುವ ಸ್ವಿಸ್ ಗಡಿಯಾರ ಮೇಲೋ ಎಂಬ ವಾದ ದೊಡ್ಡ ಪಟ್ಟಣಗಳ ಅನುಕೂಲಸ್ಥರ ನಡುವೆ ಬಿರುಸಾಗಿ ನಡೆದಿದೆ. ಸ್ಮಾರ್ಟ್‌ವಾಚು ನಾಡಿ ಎಣಿಸುತ್ತದೆ, ಹೆಜ್ಜೆ ಎಣಿಸುತ್ತದೆ, ಫೋನು ಬಂದರೆ ಎಚ್ಚರಿಸುತ್ತದೆ, ಇನ್ನೇನು ಬೇಕು ಎನ್ನುತ್ತಾರೆ ಒಂದು ಪಕ್ಷದವರು. ಸ್ವಿಸ್ ಗಡಿಯಾರವೆಂದರೆ ಕಲೆ, ಅದು ಮಗನಿಗೂ ಮೊಮ್ಮಗನಿಗೂ ಉಳಿಯುವ ಆಸ್ತಿ ಎನ್ನುತ್ತಾರೆ ಇನ್ನೊಂದು ಪಕ್ಷದವರು. ಎರಡು ಪಕ್ಷಕ್ಕೂ ಜಾಹೀರಾತಿನ ಬಲವಿದೆ, ಎರಡು ಪಕ್ಷಕ್ಕೂ ಸಿನಿಮಾ ನಟರ, ಆಟಗಾರರ ಸಾಕ್ಷಿಯಿದೆ. ಆದರೆ ಈ ವಾದದಲ್ಲಿ ಪಾಳಿ ದುಡಿಯುವ ಮಿಲ್ ಕಾರ್ಮಿಕನಿಗೂ, ಬೆಳಗ್ಗೆ ಏಳಕ್ಕೆ ಅಂಗಡಿಯ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕುವ ಸಣ್ಣ ವ್ಯಾಪಾರಿಗೂ ಜಾಗವೆಲ್ಲಿ?

ಶ್ರೀಮಂತರ ಶೋಕಿಯ ಮಾತು ನಮಗೇಕೆ ಎಂದು ಕೆಲವು ಮಿತ್ರರು ಕೇಳಬಹುದು. ನಮಗೆ ಬೇಕಾದ ಮಾತೇ ಇದು. ದುಡಿಯುವವನು ಮಾರುವ ಸರಕು ಅವನ ಹೊತ್ತು. ಆ ಹೊತ್ತನ್ನು ತೂಗುವ ತಕ್ಕಡಿ ಗಡಿಯಾರ. ತಕ್ಕಡಿ ಯಾರ ಕೈಯಲ್ಲಿದೆ, ಅದರ ತೂಕ ಸರಿಯೇ ಎಂದು ನೋಡದೆ ಯಾವ ವ್ಯಾಪಾರಿಯಾದರೂ ಸರಕು ಮಾರುವನೇ?

ತಕ್ಕಡಿಯ ಹಳೆಯ ಮೋಸ

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನ ಬಟ್ಟೆಗಿರಣಿಗಳಲ್ಲಿ ಈ ತಕ್ಕಡಿಯ ಮೋಸ ಬಹಿರಂಗವಾಗಿಯೇ ನಡೆಯುತ್ತಿತ್ತು. ಬೆಳಗ್ಗೆ ಗಿರಣಿಯ ಗಡಿಯಾರದ ಮುಳ್ಳನ್ನು ಮುಂದಕ್ಕೆ ತಿರುಗಿಸುವುದು, ಸಂಜೆ ಅದನ್ನೇ ಹಿಂದಕ್ಕೆ ಎಳೆಯುವುದು. ಹೀಗೆ ಕೂಲಿಕಾರರ ಹೊತ್ತನ್ನು ಧಣಿಗಳು ಕದಿಯುತ್ತಿದ್ದರು. ಕೆಲಸಗಾರನ ಜೇಬಿನಲ್ಲಿ ಸ್ವಂತ ಗಡಿಯಾರ ಕಂಡರೆ ಅವರಿಗೆ ಸಿಟ್ಟು. ಇದಕ್ಕೆ ಆ ಕಾಲದ ಕಾರ್ಮಿಕರೇ ನುಡಿದ ಸಾಕ್ಷ್ಯಗಳನ್ನು ಇತಿಹಾಸಕಾರ ಇ. ಪಿ. ಥಾಮ್ಸನ್ 1967ರ ತಮ್ಮ ಪ್ರಬಂಧದಲ್ಲಿ ಕಲೆಹಾಕಿದ್ದಾರೆ. 1886ರ ಮೇ ತಿಂಗಳಲ್ಲಿ ಷಿಕಾಗೋ ನಗರದ ಕಾರ್ಮಿಕರು ಬೀದಿಗಿಳಿದದ್ದೂ ದಿನಕ್ಕೆ ಎಂಟೇ ಗಂಟೆ ದುಡಿಮೆ ಎಂಬ ಬೇಡಿಕೆಗಾಗಿ. ಎಂಟು ಗಂಟೆ ಆಯಿತೆಂದು ಹೇಳುವವರು ಯಾರು? ಧಣಿಯ ಗೋಡೆಯ ಗಡಿಯಾರವೋ, ಕಾರ್ಮಿಕನ ಕೈಯ ಗಡಿಯಾರವೋ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅನುಕೂಲಸ್ಥರ ಆ ಎರಡು ಗಡಿಯಾರಗಳನ್ನೂ ಪರೀಕ್ಷಿಸೋಣ.

ಹತ್ತು ಲಕ್ಷದ ಟಿಕ್-ಟಿಕ್

ಮೊದಲು ಕೀಲಿ ಗಡಿಯಾರ. ಒಳಗೆ ಸುತ್ತಿಟ್ಟ ಸ್ಪ್ರಿಂಗು ಬಿಚ್ಚಿಕೊಳ್ಳುವ ಬಲದಿಂದ ಹಲ್ಲುಚಕ್ರಗಳು ತಿರುಗುತ್ತವೆ. ಅತ್ತಿತ್ತ ಆಡುವ ಒಂದು ಸಣ್ಣ ಚಕ್ರ ಆ ಬಲವನ್ನು ಸೆಕೆಂಡಿಗೆ ಐದರಿಂದ ಎಂಟು ಸಲ ತಡೆದು ತಡೆದು ಬಿಡುತ್ತದೆ. ನಾವು ಕೇಳುವ ಟಿಕ್-ಟಿಕ್ ಅದೇ. ಇದು ಮನುಷ್ಯನ ಬುದ್ಧಿಗೂ ಕೈಗೂ ಕೀರ್ತಿ ತರುವ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಅದನ್ನು ಮಾಡುವ ಕುಶಲ ಕಾರ್ಮಿಕರ ಮೇಲೆ ನಮಗೆ ಗೌರವವೇ ಇದೆ. ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟಗಳ ಗಡಿಯಾರ ಕೆಲಸಗಾರರು 1871ರಷ್ಟು ಹಿಂದೆಯೇ ತಮ್ಮದೊಂದು ಕಾರ್ಮಿಕ ಒಕ್ಕೂಟದಲ್ಲಿ ಒಂದಾಗಿದ್ದವರು.

ಆದರೆ ಇದರ ತೂಕ ಎಷ್ಟು ಸರಿ? ಅತ್ಯುತ್ತಮವೆಂದು ಸ್ವಿಟ್ಜರ್ಲೆಂಡಿನ ಅಧಿಕೃತ ಪರೀಕ್ಷೆಯಲ್ಲಿ ಮುದ್ರೆ ಪಡೆದ ಕೀಲಿ ಗಡಿಯಾರವೂ ದಿನಕ್ಕೆ 4 ಸೆಕೆಂಡು ಹಿಂದೆ ಬೀಳಬಹುದು, 6 ಸೆಕೆಂಡು ಮುಂದೆ ಓಡಬಹುದು. ದಿನಕ್ಕೆ 5 ಸೆಕೆಂಡು ಎಂದು ಹಿಡಿದರೂ ತಿಂಗಳಿಗೆ ಎರಡೂವರೆ ನಿಮಿಷವಾಯಿತು. ಸೆಕೆಂಡಿಗೆ 32,768 ಸಲ ಕಂಪಿಸುವ ಹರಳನ್ನಿಟ್ಟುಕೊಂಡ ಸಾಧಾರಣ ಕ್ವಾರ್ಟ್ಸ್ ಗಡಿಯಾರ, ನಮ್ಮ ಪೇಟೆಯಲ್ಲಿ ಸಾವಿರ ರೂಪಾಯಿಯೊಳಗೆ ಸಿಕ್ಕುವಂಥದು, ತಿಂಗಳಿಗೆ ಹೆಚ್ಚೆಂದರೆ 15-20 ಸೆಕೆಂಡು ತಪ್ಪುತ್ತದೆ. ಅಂದರೆ ಸಾವಿರ ರೂಪಾಯಿಯ ಗಡಿಯಾರ ಹತ್ತು ಲಕ್ಷದ ಗಡಿಯಾರಕ್ಕೆ ಪಾಠ ಹೇಳುತ್ತದೆ!

ಈ ಸತ್ಯ ಸ್ವಿಸ್ ಧಣಿಗಳಿಗೆ ಚೆನ್ನಾಗಿ ಗೊತ್ತು. ಜಪಾನಿನ ಸೈಕೋ ಕಂಪನಿ 1969ರ ಡಿಸೆಂಬರಿನಲ್ಲಿ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕೆ ತಂದ ಮೇಲೆ ಅವರ ಉದ್ಯಮ ತತ್ತರಿಸಿತು. 1970ರಲ್ಲಿ ಸುಮಾರು 90,000 ಇದ್ದ ಅಲ್ಲಿಯ ಗಡಿಯಾರ ಕಾರ್ಮಿಕರ ಸಂಖ್ಯೆ 1980ರ ದಶಕದ ನಡುವಿಗೆ 30,000ದ ಆಸುಪಾಸಿಗೆ ಇಳಿಯಿತು. ಬೀದಿಪಾಲಾದವರು ಕೆಲಸಗಾರರು. ಕಂಪನಿಗಳು ಮಾತ್ರ ಬೇರೆ ಉಪಾಯ ಹೂಡಿದವು. ಹೊತ್ತು ತೋರಿಸುವುದರಲ್ಲಿ ಸೋತ ಯಂತ್ರವನ್ನು ಅಂತಸ್ತು ತೋರಿಸುವ ಕೆಲಸಕ್ಕೆ ಹಚ್ಚಿದವು.

ಈ ಅಂತಸ್ತಿನ ಬೆಲೆ ಎಷ್ಟೆಂಬುದಕ್ಕೆ ಸರಕಾರದ ಕಾಗದವೇ ಸಾಕ್ಷಿ. 10 ಲಕ್ಷ ರೂಪಾಯಿ ಮೀರಿದ ಕೈಗಡಿಯಾರ ಮಾರುವಾಗ ಕೊಳ್ಳುವವನಿಂದ ಶೇಕಡಾ 1ರಂತೆ ತೆರಿಗೆ ಹಿಡಿದುಕೊಳ್ಳಬೇಕೆಂದು ಕೇಂದ್ರ ಸರಕಾರ 2025ರ ಏಪ್ರಿಲಿನಲ್ಲಿ ಆಜ್ಞೆ ಹೊರಡಿಸಿತು. ಅಂಥ ಗಡಿಯಾರ ಕೊಳ್ಳುವವರು ನಮ್ಮ ದೇಶದಲ್ಲಿ ಇದ್ದಾರೆಂದು ತಾನೇ ಇದರ ಅರ್ಥ? ಶಾಲೆಯ ಮಕ್ಕಳೂ ಮಾಡಬಲ್ಲ ಲೆಕ್ಕ ಒಂದಿದೆ. ತಿಂಗಳಿಗೆ 15,000 ರೂಪಾಯಿ ಬಟವಾಡೆ ಪಡೆಯುವ ಕಾರ್ಮಿಕ, ಉಣ್ಣದೆ ಉಡದೆ, ಬಾಡಿಗೆ ಕೊಡದೆ, ಒಂದು ಕಾಸನ್ನೂ ಮುಟ್ಟದೆ ಕೂಡಿಟ್ಟರೆ 10 ಲಕ್ಷವಾಗಲು 67 ತಿಂಗಳು ಬೇಕು. ಐದೂವರೆ ವರ್ಷದ ದುಡಿಮೆ ಒಬ್ಬನ ಮಣಿಕಟ್ಟಿನ ಮೇಲೆ ಕುಳಿತಿದೆ! ಇಷ್ಟಾದರೂ ಕೊಳ್ಳುವವರಿಗೆ ಇನ್ನಷ್ಟು ಸಡಿಲ. ಸ್ವಿಟ್ಜರ್ಲೆಂಡ್, ನಾರ್ವೆ ಮೊದಲಾದ ನಾಲ್ಕು ದೇಶಗಳೊಡನೆ 2024ರ ಮಾರ್ಚಿಯಲ್ಲಿ ಸಹಿಯಾದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಾಗಿದೆ. ಸ್ವಿಸ್ ಗಡಿಯಾರಗಳ ಆಮದು ಸುಂಕವನ್ನು ಹಂತಹಂತವಾಗಿ ಇಳಿಸುವ ಕರಾರು ಅದರಲ್ಲಿದೆ.

ಕೈಗೆ ಬಿದ್ದ ಗೂಢಚಾರ

ಹಾಗಾದರೆ ಸ್ಮಾರ್ಟ್‌ವಾಚು ಬಡವನ ಬಂಧುವೇ? ಅದು ಸಾವಿರ, ಎರಡು ಸಾವಿರಕ್ಕೂ ಸಿಕ್ಕುತ್ತದೆ, ನಿಜ. ಹೊತ್ತನ್ನೂ ಸರಿಯಾಗಿ ತೋರಿಸುತ್ತದೆ. ಆದರೆ ಎಷ್ಟು ವರ್ಷ? ಮೇಲಿಂದ ಮೇಲೆ ಚಾರ್ಜು ಮಾಡಬೇಕು. ಬ್ಯಾಟರಿ ಸೊರಗಿದ ಮೇಲೆ ಅಂಗಡಿಗೆ ಒಯ್ದರೆ, ಇದನ್ನು ಬಿಚ್ಚಲು ಬರುವುದಿಲ್ಲ, ಹೊಸದು ತೆಗೆದುಕೊಳ್ಳಿ ಎಂಬ ಉತ್ತರ. ಅಗ್ಗದ ಮಾಲಿಗಷ್ಟೇ ಈ ಗತಿ ಎಂದುಕೊಳ್ಳಬೇಡಿ. ಅಮೆರಿಕದ ಆಪಲ್ ಕಂಪನಿ 2015ರಲ್ಲಿ ಅಪ್ಪಟ ಬಂಗಾರದ ಕವಚದ ಸ್ಮಾರ್ಟ್‌ವಾಚು ತಂದಿತು. ಬೆಲೆ 10,000 ಡಾಲರಿನಿಂದ ಮೇಲೆ. ಮೂರು ವರ್ಷ ಕಳೆದು 2018ರಲ್ಲಿ ಕಂಪನಿ ಹೊಸ ತಂತ್ರಾಂಶ ಹೊರಡಿಸಿದಾಗ ಆ ಬಂಗಾರದ ವಾಚಿಗೆ ಅದು ಸಿಕ್ಕಲಿಲ್ಲ. ಬಂಗಾರ ಬಂಗಾರವಾಗಿಯೇ ಉಳಿಯಿತು, ಗಡಿಯಾರ ಹಳತಾಯಿತು. ಬಂಗಾರಕ್ಕೇ ಈ ಪಾಡಾದರೆ ಪ್ಲಾಸ್ಟಿಕ್ಕಿನ ಪಾಡೇನು?

ನಾಡಿ ನೋಡುತ್ತದಲ್ಲ ಎನ್ನುತ್ತೀರಿ. ವಾಚಿನ ಬೆನ್ನಿನಿಂದ ಹಸಿರು ಬೆಳಕು ಚರ್ಮದೊಳಕ್ಕೆ ಹೊಕ್ಕು, ರಕ್ತದ ಏರಿಳಿತಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗಿ ಮರಳುತ್ತದೆ. ಅದನ್ನು ಎಣಿಸಿ ನಾಡಿ ಹೇಳುತ್ತದೆ. ಹೃದಯದ ಕಾಯಿಲೆಯುಳ್ಳವರಿಗೆ ಡಾಕ್ಟರು ಹೇಳಿದ್ದರೆ ಒಳ್ಳೆಯ ವಾಚು ಕಟ್ಟಿಕೊಳ್ಳಲಿ. ಅದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಅಗ್ಗದ ವಾಚು ತೋರಿಸುವ ರಕ್ತದೊತ್ತಡವನ್ನು ನಂಬಿ ಆಸ್ಪತ್ರೆ ತಪ್ಪಿಸಬೇಡಿ. ಇದು ವೈದ್ಯಕೀಯ ಉಪಕರಣವಲ್ಲವೆಂದು ಅದರ ಕಂಪನಿಯೇ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಈ ವಾಚು ನಮಗೆ ಹೇಳುವುದಕ್ಕಿಂತ ನಮ್ಮ ವಿಷಯವನ್ನು ಇತರರಿಗೆ ಹೇಳುವುದೇ ಹೆಚ್ಚು. 2018ರಲ್ಲಿ ಅಮೆರಿಕದ ಅಮೆಜಾನ್ ಕಂಪನಿ, ಗೋದಾಮಿನ ಕೆಲಸಗಾರನ ಕೈ ಯಾವ ಪೆಟ್ಟಿಗೆಯ ಕಡೆಗೆ ಚಾಚಿದೆ ಎಂದು ಕಂಡುಹಿಡಿಯುವ ಕೈಪಟ್ಟಿಗೆ ಪೇಟೆಂಟು ಪಡೆಯಿತು. ಅದೇ ವರ್ಷ ಅಲ್ಲಿಯ ಜಾನ್ ಹ್ಯಾನ್‌ಕಾಕ್ ಎಂಬ ವಿಮಾ ಕಂಪನಿ, ಕೈಪಟ್ಟಿಯ ಲೆಕ್ಕವನ್ನು ಒಪ್ಪಿಸಿದವರಿಗೆ ರಿಯಾಯಿತಿ ಕೊಡುವ ಯೋಜನೆಯನ್ನು ತನ್ನ ಎಲ್ಲ ಜೀವವಿಮೆಗಳಿಗೂ ಸೇರಿಸುವುದಾಗಿ ಸಾರಿತು.

ಅಮೆರಿಕದ ಮಾತಾಯಿತು, ನಮ್ಮ ದೇಶಕ್ಕೆ ಬನ್ನಿ. ನಾಗಪುರ, ಪಂಚಕುಲಾ, ಚಂದೀಗಢ ನಗರಗಳಲ್ಲಿ ಪೌರಕಾರ್ಮಿಕರ ಕೈಗೆ ಜಿ.ಪಿ.ಎಸ್. ಗಡಿಯಾರ ಕಟ್ಟಿದರು. ಗೊತ್ತು ಮಾಡಿದ ಬೀದಿ ಬಿಟ್ಟು ಕದಲಿದರೆ ಕಚೇರಿಯಲ್ಲಿ ಕುಳಿತವರಿಗೆ ಗೊತ್ತಾಗುತ್ತಿತ್ತು. ಹಾಜರಿಯೂ ಸಂಬಳವೂ ಅದನ್ನೇ ಹಿಡಿದು ನಡೆಯುತ್ತಿದ್ದವು. ನೀರು ಕುಡಿಯಲು, ಶೌಚಕ್ಕೆ ಹೋಗಲು ಸಹ ಹೆದರಬೇಕಾಯಿತೆಂದು ಹೆಣ್ಣುಮಕ್ಕಳು ದೂರಿಕೊಂಡರು. ಚಂದೀಗಢದಲ್ಲಿ ಕಾರ್ಮಿಕರು ಬೀದಿಗಿಳಿದು ಪ್ರತಿಭಟಿಸಿದರು. ಊರಿನ ಕಸ ಗುಡಿಸುವವರ ಕೈಗೆ ಗಡಿಯಾರದ ವೇಷದ ಬೇಡಿ ಬಿದ್ದಾಯಿತು. ಕಸ ಎತ್ತುವ ಗುತ್ತಿಗೆಯ ಲೆಕ್ಕ ಬರೆಯುವ ಅಧಿಕಾರಿಗಳ ಕೈಗೂ ಇಂಥದೇ ಒಂದನ್ನು ಕಟ್ಟಿದರೇ? ಬ್ರಿಟನ್ನಿನ ಗಿರಣಿಯ ಧಣಿ ಕೂಲಿಕಾರನ ಗಡಿಯಾರ ಕಿತ್ತುಕೊಳ್ಳುತ್ತಿದ್ದ. ಇಂದಿನ ಧಣಿ ತಾನೇ ಗಡಿಯಾರ ಕಟ್ಟಿಸುತ್ತಾನೆ. ತಕ್ಕಡಿ ಮಾತ್ರ ಆಗಲೂ ಅವನದೇ, ಈಗಲೂ ಅವನದೇ.

ನಮ್ಮದಾಗಿದ್ದ ಗಡಿಯಾರ

ಈ ಎರಡೂ ಅಲ್ಲದ ಮೂರನೆಯ ಗಡಿಯಾರವೊಂದು ನಮ್ಮ ನಾಡಿನಲ್ಲೇ ಇತ್ತು. ಸರಕಾರಿ ಸ್ವಾಮ್ಯದ ಎಚ್.ಎಂ.ಟಿ. ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರಖಾನೆ ತೆರೆಯಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರು. 1978ರಲ್ಲಿ ತುಮಕೂರಿನಲ್ಲೂ ಕಾರಖಾನೆ ಬಂತು. ಒಂದು ಮಾದರಿಗೆ ಇಟ್ಟ ಹೆಸರೇ ‘ಜನತಾ’. ಮದುವೆಯಲ್ಲಿ ಅಳಿಯನಿಗೆ, ಪರೀಕ್ಷೆ ಪಾಸಾದ ಮಗನಿಗೆ, ನಿವೃತ್ತರಾಗುವ ಮೇಷ್ಟರಿಗೆ ಕೊಡುತ್ತಿದ್ದುದು ಈ ಗಡಿಯಾರವನ್ನೇ. ಕೆಟ್ಟರೆ ಯಾವ ಊರಿನ ಪೇಟೆಬೀದಿಯಲ್ಲಾದರೂ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತ ರಿಪೇರಿಯವನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಓಡಿಸಿ ಕೊಡುತ್ತಿದ್ದ. ಅದು ನಡೆಯುತ್ತಿದ್ದಾಗ ಕಾರಖಾನೆಯ ಕಾರ್ಮಿಕನಿಗೂ ಅನ್ನವಿತ್ತು, ಬೀದಿಯ ರಿಪೇರಿಯವನಿಗೂ ಅನ್ನವಿತ್ತು.

ಅದು ಯಾಕೆ ಮುಳುಗಿತು? ಕಾರ್ಮಿಕರು ಸೋಮಾರಿಗಳು, ಸರಕಾರಿ ಕಾರಖಾನೆಯೆಂದರೆ ಹೀಗೇ ಎಂದು ಬಂಡವಾಳಶಾಹಿಗಳ ಪತ್ರಿಕೆಗಳು ಬರೆದವು. ಇದು ಶುದ್ಧ ಸುಳ್ಳು. ಕ್ವಾರ್ಟ್ಸ್ ಗಡಿಯಾರ ಮಾಡಲು ಎಚ್.ಎಂ.ಟಿ. ಕಾರ್ಮಿಕರಿಗೆ ಬರುತ್ತಿತ್ತು; 1980ರ ದಶಕದ ಮೊದಲಲ್ಲೇ ಮಾಡಿಯೂ ತೋರಿಸಿದ್ದರು. ಮುಂದೇನು ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ಇದ್ದವರು ಮೀನಮೇಷ ಎಣಿಸುತ್ತ ಕುಳಿತರು. 1984ರಲ್ಲಿ ಹುಟ್ಟಿ ಹೊಸೂರಿನಲ್ಲಿ ಕಾರಖಾನೆ ಹೂಡಿದ ಟೈಟಾನ್ ಕ್ವಾರ್ಟ್ಸನ್ನೇ ನೆಚ್ಚಿ ಪೇಟೆಯನ್ನು ಕೈವಶ ಮಾಡಿಕೊಂಡಿತು. ತಪ್ಪು ಮಾಡಿದವರು ಮೇಲಿನವರು, ಮನೆಗೆ ಹೋದವರು ಕೆಳಗಿನವರು.

2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಮರುತಿಂಗಳೇ ನಮ್ಮ ರಾಜ್ಯದಲ್ಲಿ ಗಡಿಯಾರದ ಗದ್ದಲ ಎದ್ದಿತು. ಎಚ್.ಎಂ.ಟಿ. ಕಾರ್ಮಿಕರಿಗಾಗಿ ಎಂದುಕೊಂಡಿರೋ? ಅಲ್ಲ! ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ, ಲಕ್ಷಗಟ್ಟಲೆ ಬೆಲೆಯ ಹ್ಯೂಬ್ಲೋ ಎಂಬ ಸ್ವಿಸ್ ಗಡಿಯಾರದ ಸಲುವಾಗಿ. ಸ್ನೇಹಿತರು ಕೊಟ್ಟ ಉಡುಗೊರೆ ಎಂದು ಅವರು ಹೇಳಿದರು. ಮಾರ್ಚಿಯಲ್ಲಿ ಅದನ್ನು ವಿಧಾನಸಭಾಧ್ಯಕ್ಷ ಕಾಗೋಡು ತಿಮ್ಮಪ್ಪನವರಿಗೆ ಒಪ್ಪಿಸಿ ರಾಜ್ಯದ ಸ್ವತ್ತು ಮಾಡಿದರು. ಆ ಒಂದು ಗಡಿಯಾರಕ್ಕಾಗಿ ವಿರೋಧಪಕ್ಷದವರು ಎಬ್ಬಿಸಿದ ಕೂಗಿನ ಕಾಲುಭಾಗವಾದರೂ, ಲಕ್ಷಾಂತರ ಜನರ ಕೈಗೆ ಗಡಿಯಾರ ಕಟ್ಟಿದ ಕಾರಖಾನೆಗಾಗಿ ಎದ್ದಿತೇ? ಜನರೇ ಉತ್ತರ ಹೇಳಲಿ.

ನಾವು ಮಾಡಬೇಕಾದ್ದು

ಟೀಕೆ ಸುಲಭ, ದಾರಿ ಯಾವುದು ಎಂದು ಕೇಳುವುದು ನ್ಯಾಯ. ನಮ್ಮ ಉತ್ತರ ಹೀಗಿದೆ.

ಒಂದು: ಸ್ಮಾರ್ಟ್‌ವಾಚಿಗೂ ಸ್ವಿಸ್ ಗಡಿಯಾರಕ್ಕೂ ಸಾಲ ಮಾಡಬೇಡಿ, ಕಂತು ಕಟ್ಟಬೇಡಿ. ಊರಿನ ಅಂಗಡಿಯಲ್ಲಿ ಸಿಕ್ಕುವ, ಊರಿನಲ್ಲೇ ಸೆಲ್ಲು ಹಾಕಿಸಬಹುದಾದ ಸಾಧಾರಣ ಗಡಿಯಾರ ಕೊಳ್ಳಿ. ಮನೆಯ ಪೆಟ್ಟಿಗೆಯಲ್ಲಿ ತಂದೆಯವರ ಎಚ್.ಎಂ.ಟಿ. ಇದ್ದರೆ ಅದನ್ನು ರಿಪೇರಿಯವನ ಬಳಿಗೆ ಒಯ್ಯಿರಿ.

ಎರಡು: ಆ ಗಡಿಯಾರ ನೋಡಿ, ಮಿಲ್ಲಿನ ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಎರಡನ್ನೂ ದಿನವೂ ಒಂದು ಪುಸ್ತಕದಲ್ಲಿ ಬರೆದಿಡಿ. ಇದು ಅಗತ್ಯ. 2023ರಲ್ಲಿ ನಮ್ಮ ವಿಧಾನಮಂಡಲವೇ ಕಾರಖಾನೆ ಕಾಯಿದೆಯನ್ನು ತಿದ್ದಿ, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು, ಮೂರು ತಿಂಗಳ ಓ.ಟಿ. ಮಿತಿಯನ್ನು 75 ಗಂಟೆಯಿಂದ 145ಕ್ಕೆ ಏರಿಸಿತು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದವು. ಕಾಯಿದೆ ಹಳೆಯದಿರಲಿ, ಹೊಸದಿರಲಿ, ಓ.ಟಿ. ಕೂಲಿಯ ತಕರಾರು ಬಂದ ದಿನ ನಿಮ್ಮ ಕೈಯಲ್ಲಿ ನಿಮ್ಮದೇ ಲೆಕ್ಕ ಇರಬೇಕು.

ಮೂರು: ಕೆಲಸದ ಜಾಗದಲ್ಲಿ ಯಾರಾದರೂ ನಿಮ್ಮ ಕೈಗೆ ಜಿ.ಪಿ.ಎಸ್. ಗಡಿಯಾರ ಕಟ್ಟಲು ಬಂದರೆ, ಒಬ್ಬೊಬ್ಬರಾಗಿ ಕೈ ಚಾಚಬೇಡಿ. ಸಂಘದ ಸಭೆ ಕರೆಯಿರಿ. ಏನನ್ನು ಅಳೆಯುತ್ತದೆ, ಲೆಕ್ಕ ಯಾರ ಬಳಿ ಇರುತ್ತದೆ, ಊಟದ ಹೊತ್ತಿನಲ್ಲಿ ಬಿಚ್ಚಿಡಬಹುದೇ, ಅದರ ಮೇಲೆ ಸಂಬಳ ಕಡಿಯುತ್ತಾರೆಯೇ? ಎಲ್ಲಕ್ಕೂ ಲಿಖಿತ ಉತ್ತರ ಬರುವವರೆಗೆ ಕಟ್ಟಿಸಿಕೊಳ್ಳುವುದಿಲ್ಲವೆಂದು ಠರಾವು ಮಾಡಿ.

ನಾಲ್ಕು: ವ್ಯಾಪಾರಿ ಮಿತ್ರರೇ, ಇದು ಕಾರ್ಮಿಕರ ಜಗಳ, ನಮಗೇನು ಎನ್ನಬೇಡಿ. ಬಿಡಿಭಾಗಗಳನ್ನು ತಮ್ಮ ಅಧಿಕೃತ ಕೇಂದ್ರಗಳಿಗೆ ಮಾತ್ರ ಕೊಡುವ ದೊಡ್ಡ ಕಂಪನಿಗಳು ಮೊದಲು ಕೊಲ್ಲುವುದು ನಿಮ್ಮ ಪಕ್ಕದ ರಿಪೇರಿ ಅಂಗಡಿಯನ್ನು. ಕೇಂದ್ರ ಗ್ರಾಹಕ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ರಚಿಸಿತು, ಅಂತರ್ಜಾಲದಲ್ಲಿ ಒಂದು ತಾಣವನ್ನೂ ತೆರೆಯಿತು. ತಾಣ ತೆರೆದರೆ ಗಡಿಯಾರ ತೆರೆಯುವುದಿಲ್ಲ! ಬಿಡಿಭಾಗ, ಬ್ಯಾಟರಿ, ನಕ್ಷೆ ಎಲ್ಲವನ್ನೂ ಯಾವ ರಿಪೇರಿಯವನಿಗಾದರೂ ನ್ಯಾಯಬೆಲೆಗೆ ಕೊಡತಕ್ಕದ್ದೆಂದು ಕಾಯಿದೆ ಬೇಕು. ನಿಮ್ಮ ವರ್ತಕರ ಸಂಘದ ಮುಂದಿನ ಸಭೆಯಲ್ಲಿ ಈ ಬೇಡಿಕೆಯ ಠರಾವು ಬರಲಿ.

ಉಳ್ಳವರು ತಮ್ಮ ಕೈಗೆ ಯಾವುದನ್ನು ಕಟ್ಟಿಕೊಳ್ಳಲಿ ಎಂದು ವಾದಿಸುತ್ತ ಕುಳಿತಿರಲಿ. ನಾವು ಕೇಳಬೇಕಾದ ಪ್ರಶ್ನೆ, ನಮ್ಮ ಕೈಗೆ ಕಟ್ಟುವವರು ಯಾರು ಎಂಬುದು. ನಮ್ಮ ಊರಿನ ಪೌರಕಾರ್ಮಿಕರ ಕೈಗೂ ಆ ಜಿ.ಪಿ.ಎಸ್. ಗಡಿಯಾರ ಬರುವ ದಿನ ದೂರವಿರಲಾರದು. ಅದು ಬಂದಾಗ ಪುರಸಭೆಯ ಬಾಗಿಲಲ್ಲಿ ಅವರು ಒಬ್ಬರೇ ನಿಲ್ಲದಿರಲಿ. ಮಿಲ್ಲಿನ ಪಾಳಿ ಬಿಟ್ಟವರೂ, ಪೇಟೆಬೀದಿಯ ಅಂಗಡಿಕಾರರೂ ಅವರ ಜೊತೆ ನಿಲ್ಲತಕ್ಕದ್ದು. ಅದರ ಸಿದ್ಧತೆ ಈ ವಾರವೇ ಮೊದಲಾಗಲಿ.